ಗೆರೆ ಅಂಟಬೇಕು, ಅಕ್ಷರ ಉಳಿಯಬೇಕು: ಸ್ಲೈಡಿನ ಚಿತ್ರಕ್ಕೆ ಯಾವ ತಂತ್ರಾಂಶ?

ಒಮ್ಮೆ ನಾನು ವರ್ತೂರು ಕೆರೆಯ ನೀರನ್ನು ಬೆಳ್ಳಂದೂರಿಗೆ ಹರಿಸಿದ್ದೇನೆ. ನಮ್ಮ ಡಿಟಿಪಿ ಅಂಗಡಿಗೆ ಬಂದ ಸಂಶೋಧನಾ ವಿದ್ಯಾರ್ಥಿಯೊಬ್ಬರು ಬೆಂಗಳೂರಿನ ಕೆರೆಗಳ ಸರಣಿಯನ್ನು ತೋರಿಸುವ ಒಂದು ಸ್ಲೈಡ್ ಬೇಕೆಂದರು. ಚೌಕಗಳಲ್ಲಿ ಕೆರೆಗಳ ಹೆಸರು, ನಡುವೆ ಬಾಣಗಳು, ಅಷ್ಟೇ. ಮಾಡಿಕೊಟ್ಟೆ. ಮರುದಿನ ಬಂದು, ಪೂರ್ವ ದಿಕ್ಕು ಬಲಕ್ಕೆ ಬರಲಿ, ವರ್ತೂರನ್ನು ಆ ಕಡೆ ಹಾಕಿ ಎಂದರು. ಎರಡು ಚೌಕಗಳನ್ನು ಅದಲುಬದಲು ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಟ್ಟೆ. ಚೌಕಗಳು ಜಾಗ ಬದಲಿಸಿದವು, ಬಾಣ ಮಾತ್ರ ಇದ್ದಲ್ಲೇ ಇತ್ತು. ಸಭಾಂಗಣದ ಪರದೆಯ ಮೇಲೆ ನೀರು ಇಳಿಜಾರು ಬಿಟ್ಟು ಏರಿನ ಕಡೆಗೆ ಹರಿಯುತ್ತಿತ್ತು. ಮೊದಲ ಸಾಲಿನಲ್ಲಿ ಕುಳಿತಿದ್ದ ಪ್ರಾಧ್ಯಾಪಕರೊಬ್ಬರು, ಪಂಪು ಎಲ್ಲಿಟ್ಟಿದ್ದೀರಿ ಎಂದು ಕೇಳಿದರಂತೆ.

ತಪ್ಪು ತಂತ್ರಾಂಶದ್ದಲ್ಲ, ನನ್ನದು. ಆದರೆ ಆ ದಿನದಿಂದ ಸ್ಲೈಡ್ ತಂತ್ರಾಂಶಗಳನ್ನು ನಾನು ಅಳೆಯುವ ಕೋಲು ಬದಲಾಯಿತು. ಯಾವುದರಲ್ಲಿ ಟೆಂಪ್ಲೇಟ್ ಚೆನ್ನಾಗಿದೆ, ಯಾವುದರಲ್ಲಿ ಅಕ್ಷರ ಕುಣಿಯುತ್ತದೆ ಎಂಬುದು ಹಿಂದೆ ಸರಿಯಿತು. ಗೆರೆ ಹೇಗೆ ವರ್ತಿಸುತ್ತದೆ ಎಂಬುದು ಮುಂದೆ ಬಂತು. ಅಂಗಡಿಗೆ ಬರುವವರು, ಫೋನು ಮಾಡುವವರು ಪದೇ ಪದೇ ಕೇಳುವ ಪ್ರಶ್ನೆ ಒಂದೇ: ಪವರ್‌ಪಾಯಿಂಟಿಗೆ ದುಡ್ಡು ಕೊಡಬೇಕೇ, ಗೂಗಲ್ ಸ್ಲೈಡ್ಸ್ ಸಾಕೇ, ಲಿಬ್ರೆಆಫೀಸಿನ ಇಂಪ್ರೆಸ್ ನಂಬಬಹುದೇ, ಇಲ್ಲ ಎಲ್ಲರೂ ಹೇಳುವ ಕ್ಯಾನ್ವಾ ಹಿಡಿಯುವುದೇ? ಅದೇ ಕೆರೆಗಳ ಚಿತ್ರವನ್ನು ನಾಲ್ಕರಲ್ಲೂ ಬರೆದು ನೋಡಿ ಈ ಉತ್ತರ ಬರೆಯುತ್ತಿದ್ದೇನೆ.

ಚಿತ್ರ ಇಷ್ಟು. ಮಡಿವಾಳ ಕೆರೆಯಿಂದ ಅಗರಕ್ಕೆ ಒಂದು ಬಾಣ, ಅಗರದಿಂದ ಬೆಳ್ಳಂದೂರಿಗೆ ಇನ್ನೊಂದು. ಹಲಸೂರಿನಿಂದಲೂ ಬೆಳ್ಳಂದೂರಿಗೆ ಒಂದು. ಅಲ್ಲಿಂದ ವರ್ತೂರು, ವರ್ತೂರಿನಿಂದ ದಕ್ಷಿಣ ಪಿನಾಕಿನಿ ನದಿ. ಬದಿಯಲ್ಲಿ 'ಚರಂಡಿ ನೀರು' ಎಂಬ ಬೇರೆ ಬಣ್ಣದ ಚೌಕ, ಅಲ್ಲಿಂದ ಬೆಳ್ಳಂದೂರಿಗೆ ತುಂಡುಗೆರೆಯ ಬಾಣ. ಒಟ್ಟು ಏಳು ಆಕಾರ, ಆರು ಬಾಣ. ನೀವು ಬರೆಯುವ ಚಿತ್ರ ಕಚೇರಿಯ ಸಿಬ್ಬಂದಿ ರಚನೆಯಾಗಿರಬಹುದು, ಪ್ರಾಜೆಕ್ಟಿನ ಫ್ಲೋಚಾರ್ಟ್ ಆಗಿರಬಹುದು, ಮನೆತನದ ವಂಶಾವಳಿಯಾಗಿರಬಹುದು. ಅಸ್ಥಿಪಂಜರ ಒಂದೇ.

ಏನನ್ನು ನೋಡಬೇಕು

ಮೊದಲನೆಯದು, ಗೆರೆ ಆಕಾರಕ್ಕೆ ಅಂಟುತ್ತದೆಯೇ ಎಂಬುದು. ಚೌಕವನ್ನು ಎಳೆದಾಡಿದರೆ ಬಾಣವೂ ಹಿಂದೆಯೇ ಬರಬೇಕು. ಇದೊಂದು ಇಲ್ಲದಿದ್ದರೆ ಮೂರನೇ ತಿದ್ದುಪಡಿಯ ಹೊತ್ತಿಗೆ ಚಿತ್ರ ಹರಿದ ಬಲೆಯಂತಾಗುತ್ತದೆ.

ಎರಡನೆಯದು, ಎಲ್ಲ ಬಾಣಗಳ ದಪ್ಪ, ಬಣ್ಣ, ತಲೆಗಳನ್ನು ಒಂದೇ ಸಲ ಬದಲಿಸಲು ಎಷ್ಟು ಸುಲಭ. ಆರು ಬಾಣಗಳನ್ನು ಕೈಯಿಂದ ಒಂದೊಂದಾಗಿ ತಿದ್ದಬಹುದು. ಅರವತ್ತಾದರೆ?

ಮೂರನೆಯದು, ಕನ್ನಡ ಅಕ್ಷರ ಚೌಕದೊಳಗೆ ಸರಿಯಾಗಿ ಕೂರುತ್ತದೆಯೇ, ಮತ್ತೊಬ್ಬರ ಕಂಪ್ಯೂಟರಿನಲ್ಲಿಯೂ ಹಾಗೆಯೇ ಕೂರುತ್ತದೆಯೇ. ನಾಲ್ಕನೆಯದು, ಪರದೆಯ ಮೇಲೂ ಜೆರಾಕ್ಸ್ ಕಾಗದದ ಮೇಲೂ ಗೆರೆ ಕಾಣಿಸುತ್ತದೆಯೇ. ಕೊನೆಗೆ ದುಡ್ಡು ಮತ್ತು ಇಂಟರ್ನೆಟ್. ಇವೆರಡನ್ನು ಕೊನೆಗಿಟ್ಟಿದ್ದಕ್ಕೆ ಕಾರಣವಿದೆ. ಬಹಳ ಜನ ಇಲ್ಲಿಂದಲೇ ಶುರು ಮಾಡಿ ಉಚಿತ ಎಂದು ಒಂದನ್ನು ಹಿಡಿಯುತ್ತಾರೆ, ಆಮೇಲೆ ರಾತ್ರಿ ಹನ್ನೊಂದಕ್ಕೆ ನಮಗೆ ಫೋನು ಮಾಡುತ್ತಾರೆ.

960ರ ಲೆಕ್ಕ

ತಂತ್ರಾಂಶಗಳ ಮಾತಿಗೆ ಮುಂಚೆ ಗೆರೆಯ ದಪ್ಪದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಒಂದೇ ಅಂಕಿ ಎಲ್ಲ ಕಡೆ ಒಂದೇ ಅರ್ಥ ಕೊಡುವುದಿಲ್ಲ, ಇದು ಗೊತ್ತಿಲ್ಲದೆ ಎಡವಿದವರನ್ನು ಬಹಳ ನೋಡಿದ್ದೇನೆ.

ಪವರ್‌ಪಾಯಿಂಟಿನ ಈಗಿನ ಅಗಲ ಸ್ಲೈಡ್ 13.33 ಇಂಚು. ಇಂಚಿಗೆ 72 ಪಾಯಿಂಟ್, ಅಂದರೆ ಸ್ಲೈಡಿನ ಅಗಲ 960 ಪಾಯಿಂಟ್. ಗೂಗಲ್ ಸ್ಲೈಡ್ಸ್‌ನ ಸ್ಲೈಡ್ 10 ಇಂಚು ಮಾತ್ರ, ಆದರೆ ಅಲ್ಲಿ ಗೆರೆಯ ದಪ್ಪ ಪಿಕ್ಸೆಲಿನಲ್ಲಿದೆ. ಇಂಚಿಗೆ 96 ಪಿಕ್ಸೆಲ್ ಎಂದು ಗುಣಿಸಿದರೆ ಅದೂ 960. ಹಾಗಾಗಿ ಪವರ್‌ಪಾಯಿಂಟಿನ 1 ಪಾಯಿಂಟ್ ಗೆರೆಯೂ ಗೂಗಲಿನ 1 ಪಿಕ್ಸೆಲ್ ಗೆರೆಯೂ ಪರದೆ ತುಂಬ ತೋರಿಸಿದಾಗ ಒಂದೇ ದಪ್ಪ ಕಾಣುತ್ತವೆ. ಕ್ಯಾನ್ವಾದ ಪ್ರೆಸೆಂಟೇಶನ್ 1920 ಪಿಕ್ಸೆಲ್ ಅಗಲ, ಅಲ್ಲಿ ಅದೇ ಗೆರೆಗೆ 2 ಬೇಕು. ಇಂಪ್ರೆಸ್ಸಿನ ಸ್ಲೈಡ್ 28 ಸೆಂಟಿಮೀಟರ್, ಅಲ್ಲಿಗೆ ಸುಮಾರು 0.03 ಸೆಂ.ಮೀ.

ಈಗ ಈ ಗೆರೆಯನ್ನು ಹಳೆಯ ಸಭಾಂಗಣದ ಪ್ರೊಜೆಕ್ಟರಿಗೆ ಕೊಡಿ. ಅವುಗಳಲ್ಲಿ ಎಷ್ಟೋ ಇನ್ನೂ 1024 ಪಿಕ್ಸೆಲ್ ಅಗಲದವು. 960 ಪಾಯಿಂಟಿಗೆ 1024 ಪಿಕ್ಸೆಲ್, ಅಂದರೆ ಒಂದು ಪಾಯಿಂಟಿಗೆ ಹೆಚ್ಚುಕಡಿಮೆ ಒಂದೇ ಚುಕ್ಕಿ. ಅರ್ಧ ಪಾಯಿಂಟಿನ ಗೆರೆಗೆ ಅರ್ಧ ಚುಕ್ಕಿ ಎಲ್ಲಿಂದ ತರುವುದು? ಮಸುಕು ಬೂದಿ ಬಣ್ಣದ ಎಳೆಯೊಂದು ಉಳಿಯುತ್ತದೆ. ಪವರ್‌ಪಾಯಿಂಟಿನ 2013ರ ಆಫೀಸ್ ಥೀಮಿನಲ್ಲಿ ಗೆರೆ ಎಳೆದರೆ ತಾನಾಗಿ ಬರುವುದು ಈ ಅರ್ಧ ಪಾಯಿಂಟೇ. ಲ್ಯಾಪ್‌ಟಾಪಿನಲ್ಲಿ ಚೂಪಾಗಿ, ಅಂದವಾಗಿ ಕಂಡದ್ದು ಸಭೆಯಲ್ಲಿ ಮಾಯ.

ಆದ್ದರಿಂದ ನನ್ನ ಅಂಗಡಿಯ ನಿಯಮ: ಮುಖ್ಯ ಬಾಣಕ್ಕೆ ಪವರ್‌ಪಾಯಿಂಟಿನಲ್ಲಿ 2.25 ಪಾಯಿಂಟ್, ಗೂಗಲಿನಲ್ಲಿ 2 ಅಥವಾ 3 ಪಿಕ್ಸೆಲ್, ಇಂಪ್ರೆಸ್ಸಿನಲ್ಲಿ 0.07 ಸೆಂ.ಮೀ., ಕ್ಯಾನ್ವಾದಲ್ಲಿ 4 ಅಥವಾ 5. ಚೌಕದ ಅಂಚುಗೆರೆ ಇದರ ಅರ್ಧ ಸಾಕು. ಅಂಚು ಬಾಣಕ್ಕಿಂತ ದಪ್ಪವಾದರೆ ನೋಡುವವರ ಕಣ್ಣು ಚೌಕಗಳಲ್ಲೇ ಸುತ್ತುತ್ತದೆ, ನೀರು ಹರಿಯುವುದು ಕಾಣುವುದಿಲ್ಲ.

ಇನ್ನೊಂದು ಸಣ್ಣ ಸಂಗತಿ. ಆಕಾರವನ್ನು ಹಿಗ್ಗಿಸಿದರೆ ಗೆರೆ ಹಿಗ್ಗುವುದಿಲ್ಲ. ಗೂಗಲಿನ 10 ಇಂಚಿನ ಸ್ಲೈಡನ್ನು ಪವರ್‌ಪಾಯಿಂಟಿನ ಕಡತವಾಗಿ (ಪಿಪಿಟಿಎಕ್ಸ್) ಇಳಿಸಿ, ಅದರಲ್ಲಿನ ಚಿತ್ರವನ್ನು ನಕಲು ಮಾಡಿ ಪವರ್‌ಪಾಯಿಂಟಿನ 13.33 ಇಂಚಿನ ಸ್ಲೈಡಿಗೆ ಹಾಕಿ, ತುಂಬುವಷ್ಟು ಎಳೆದು ದೊಡ್ಡದು ಮಾಡಿದರೆ ಚೌಕಗಳು ಬೆಳೆಯುತ್ತವೆ, ಗೆರೆಗಳು ಸೊರಗಿದಂತೆ ಕಾಣುತ್ತವೆ. ಎಳೆದ ಮೇಲೆ ದಪ್ಪವನ್ನು ಮತ್ತೆ ಕೊಡಬೇಕು.

ಪವರ್‌ಪಾಯಿಂಟ್

ಬಾಣ ಅಂಟುವ ಪರೀಕ್ಷೆಯಲ್ಲಿ ಇದು ಸಲೀಸಾಗಿ ಪಾಸು. ಇನ್ಸರ್ಟ್, ಶೇಪ್ಸ್‌ಗೆ ಹೋಗಿ ಬಾಣವನ್ನು ಆರಿಸಿ ಚೌಕದ ಹತ್ತಿರ ತಂದರೆ ಅಂಚಿನಲ್ಲಿ ಚುಕ್ಕಿಗಳು ಮೂಡುತ್ತವೆ, ಆಯತಕ್ಕೆ ನಾಲ್ಕು. ಒಂದು ಚುಕ್ಕಿಯಿಂದ ಶುರುಮಾಡಿ ಇನ್ನೊಂದು ಚೌಕದ ಚುಕ್ಕಿಯ ಮೇಲೆ ಬಿಡಬೇಕು. ಅಂಟಿದ ತುದಿ ಹಸಿರಾಗುತ್ತದೆ. ಹಸಿರಾಗದಿದ್ದರೆ ಅಂಟಿಲ್ಲ, ಸುಮ್ಮನೆ ಪಕ್ಕದಲ್ಲಿ ನಿಂತಿದೆ. ನನ್ನ ವರ್ತೂರಿನ ಬಾಣ ನಿಂತಿದ್ದದ್ದು ಹೀಗೆಯೇ, ಚೌಕಕ್ಕೆ ಕೂದಲೆಳೆಯಷ್ಟು ದೂರದಲ್ಲಿ. ಬಾಣವನ್ನು ಒಮ್ಮೆ ಕ್ಲಿಕ್ ಮಾಡಿ ಎರಡೂ ತುದಿಯ ಬಣ್ಣ ನೋಡಿದ್ದರೆ ಗೊತ್ತಾಗುತ್ತಿತ್ತು. ಚೌಕಗಳನ್ನು ಆಚೀಚೆ ಮಾಡಿದ ಮೇಲೆ ಬಾಣ ಸುತ್ತಿಬಳಸಿ ಹೋದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ರೀರೂಟ್ ಕನೆಕ್ಟರ್ಸ್ ಒತ್ತಿ. ಹತ್ತಿರದ ಚುಕ್ಕಿಗಳನ್ನು ತಾನೇ ಹುಡುಕಿಕೊಳ್ಳುತ್ತದೆ.

ಎರಡನೆಯ ಪರೀಕ್ಷೆಗೆ ಇದರಲ್ಲಿ ಎರಡು ದಾರಿ. ಮೊದಲ ಬಾಣವನ್ನು ಬೇಕಾದಂತೆ ತಿದ್ದಿ, ರೈಟ್ ಕ್ಲಿಕ್ ಮಾಡಿ 'ಸೆಟ್ ಆ್ಯಸ್ ಡೀಫಾಲ್ಟ್ ಲೈನ್' ಕೊಟ್ಟರೆ ಆ ಕಡತದಲ್ಲಿ ಮುಂದೆ ಎಳೆಯುವ ಬಾಣಗಳೆಲ್ಲ ಹಾಗೆಯೇ ಬರುತ್ತವೆ. ಆಕಾರಕ್ಕೂ ಇಂಥದ್ದೇ ಒಂದು ಇದೆ. ಇಷ್ಟು ಒಳ್ಳೆಯ ಸೌಲಭ್ಯವನ್ನು ಬಳಸುವವರನ್ನು ನಾನು ಬೆರಳೆಣಿಕೆಯಷ್ಟು ಕಂಡಿದ್ದೇನೆ. ಎರಡನೆಯ ದಾರಿ ಫಾರ್ಮ್ಯಾಟ್ ಪೇಂಟರ್, ಆ ಕುಂಚದ ಗುರುತು. ಒಂದು ಸಲ ಒತ್ತಿದರೆ ಒಂದೇ ಆಕಾರಕ್ಕೆ, ಎರಡು ಸಲ ಒತ್ತಿದರೆ ಎಸ್ಕೇಪ್ ಒತ್ತುವ ತನಕ ಎಲ್ಲಕ್ಕೂ ಹಚ್ಚುತ್ತಾ ಹೋಗಬಹುದು. ಆದರೆ ಎರಡಕ್ಕೂ ಒಂದು ಮಿತಿ: ಈಗಾಗಲೇ ಎಳೆದ ಅರವತ್ತು ಬಾಣಗಳಿಗೆ ಒಂದು ಹೆಸರು ಕೊಟ್ಟು, ಆ ಹೆಸರಿನ ಲಕ್ಷಣ ಬದಲಿಸಿದರೆ ಎಲ್ಲವೂ ಬದಲಾಗುವ ವ್ಯವಸ್ಥೆ ಇಲ್ಲಿಲ್ಲ. ಬಣ್ಣಕ್ಕೆ ಮಾತ್ರ ಅಂಥದ್ದು ಇದೆ. ಥೀಮ್ ಬಣ್ಣಗಳನ್ನು ಬಳಸಿದ್ದರೆ ಥೀಮ್ ಬದಲಿಸಿದಾಗ ಎಲ್ಲವೂ ಬದಲಾಗುತ್ತವೆ, ಕೆಳಗಿನ ಸಾಲಿನ ಸ್ಟ್ಯಾಂಡರ್ಡ್ ಬಣ್ಣ ಬಳಸಿದ್ದರೆ ಇಲ್ಲ.

ತುಂಡುಗೆರೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಪವರ್‌ಪಾಯಿಂಟಿನಲ್ಲಿ ತುಂಡುಗಳ ಉದ್ದ ಗೆರೆಯ ದಪ್ಪವನ್ನು ಅನುಸರಿಸುತ್ತದೆ. ಸಣ್ಣ ಗೆರೆಯಲ್ಲಿ ತುಂಡುಗಳು ಎಷ್ಟು ಕಿರಿದಾಗುತ್ತವೆಂದರೆ ದೂರದಿಂದ ಅದು ತೆಳು ಬಣ್ಣದ ಅಖಂಡ ಗೆರೆಯಂತೆ ಕಾಣುತ್ತದೆ. ಚರಂಡಿ ನೀರಿನ ಬಾಣವನ್ನು ನಾನು 3 ಪಾಯಿಂಟಿಗೆ ಏರಿಸಿ, ಡ್ಯಾಶ್ ಟೈಪಿನಲ್ಲಿ ಲಾಂಗ್ ಡ್ಯಾಶ್ ಕೊಟ್ಟೆ. ಬಾಣದ ತಲೆಯೂ ದಪ್ಪಕ್ಕೆ ತಕ್ಕಂತೆ ಬೆಳೆಯುತ್ತದೆ, ಹಾಗಾಗಿ ಆ ಒಂದು ಬಾಣಕ್ಕೆ ತಲೆಯ ಅಳತೆಯನ್ನು ಒಂದು ಹಂತ ಇಳಿಸಬೇಕಾಯಿತು.

ಅಂಚು ದುಂಡಾದ ಚೌಕದಲ್ಲೂ ಒಂದು ಕಿರಿಕಿರಿ ಇದೆ. ಮೂಲೆಯ ದುಂಡು ಚೌಕದ ಚಿಕ್ಕ ಬದಿಗೆ ತಕ್ಕಂತೆ ಬದಲಾಗುತ್ತದೆ. 'ಅಗರ' ಎಂಬ ಪುಟ್ಟ ಚೌಕಕ್ಕೂ ಎರಡು ಸಾಲಿನ 'ದಕ್ಷಿಣ ಪಿನಾಕಿನಿ' ಚೌಕಕ್ಕೂ ಮೂಲೆಗಳು ಬೇರೆ ಬೇರೆ ಕಾಣುತ್ತವೆ. ಹಳದಿ ಹಿಡಿಕೆ ಹಿಡಿದು ಕಣ್ಣಳತೆಯಲ್ಲಿ ಸರಿಮಾಡಬೇಕು, ಇಲ್ಲವೇ ಎಲ್ಲ ಚೌಕಗಳಿಗೂ ಒಂದೇ ಎತ್ತರ ಕೊಡಬೇಕು. ನಾನು ಎರಡನೆಯದನ್ನು ಮಾಡುತ್ತೇನೆ.

ಎರಡು ಆಕಾರಗಳನ್ನು ಬೆಸೆದು ಹೊಸ ಆಕಾರ ಮಾಡುವ ಮರ್ಜ್ ಶೇಪ್ಸ್, ಅಂಚನ್ನು ಬಿಂದು ಬಿಂದುವಾಗಿ ತಿದ್ದುವ ಎಡಿಟ್ ಪಾಯಿಂಟ್ಸ್, ಆಲ್ಟ್ ಮತ್ತು ಎಫ್10 ಒತ್ತಿದರೆ ಬರುವ, ಸ್ಲೈಡಿನ ಆಕಾರಗಳನ್ನೆಲ್ಲ ಪಟ್ಟಿ ಮಾಡುವ ಸೆಲೆಕ್ಷನ್ ಪೇನ್, ಇವೆಲ್ಲ ಕಂಪ್ಯೂಟರಿನಲ್ಲಿ ಹಾಕಿಕೊಳ್ಳುವ ಆವೃತ್ತಿಯ ಬಲ. ಕೆರೆಯ ನಿಜವಾದ ಆಕಾರ ಬರೆಯಬೇಕೆಂದರೆ ಎಡಿಟ್ ಪಾಯಿಂಟ್ಸ್ ಬಿಟ್ಟರೆ ಗತಿಯಿಲ್ಲ. ದುಡ್ಡಿನ ವಿಷಯ: ವರ್ಷಕ್ಕೆ ಚಂದಾ ಕಟ್ಟುವ ಮೈಕ್ರೋಸಾಫ್ಟ್ 365 ಒಂದು, ಒಂದೇ ಸಲ ಕೊಳ್ಳುವ ಆಫೀಸ್ ಇನ್ನೊಂದು. ದರ ಆಗಾಗ ಬದಲಾಗುವುದರಿಂದ ಕೊಳ್ಳುವ ದಿನ ನೋಡಿಕೊಳ್ಳಿ. ಮೈಕ್ರೋಸಾಫ್ಟ್ ಖಾತೆ ಇದ್ದರೆ ಬ್ರೌಸರಿನಲ್ಲಿ ಪವರ್‌ಪಾಯಿಂಟ್ ಉಚಿತವಾಗಿ ತೆರೆಯುತ್ತದೆ, ಜೊತೆಗೆ 5 ಜಿಬಿ ಜಾಗ. ಚೌಕ, ಬಾಣ, ಬಣ್ಣಕ್ಕೆ ಅದು ಸಾಕು. ಸೂಕ್ಷ್ಮ ಕೆಲಸಕ್ಕೆ ಕೈ ಕಟ್ಟಿದಂತಾಗುತ್ತದೆ.

ಗೂಗಲ್ ಸ್ಲೈಡ್ಸ್

ಇಲ್ಲಿಯೂ ಬಾಣ ಅಂಟುತ್ತದೆ. ಇನ್ಸರ್ಟ್ ಮೆನುವಿನ ಲೈನ್ ಅಡಿಯಲ್ಲಿ ನೇರ ಗೆರೆ, ಬಾಣ, ಮೊಣಕೈಯಂತೆ ಬಾಗುವ ಎಲ್ಬೋ ಕನೆಕ್ಟರ್, ಬಳಕುವ ಕರ್ವ್ಡ್ ಕನೆಕ್ಟರ್ ಇವೆ. ಮೇಲಿನ ಪಟ್ಟಿಯಲ್ಲಿ ಬಣ್ಣ, ದಪ್ಪ, ತುಂಡುಗೆರೆ, ಎರಡು ತುದಿಯ ತಲೆ, ಇಷ್ಟೂ ಒಂದೇ ಸಾಲಿನಲ್ಲಿ ಕಣ್ಣೆದುರೇ ಇರುತ್ತವೆ. ಹೊಸಬರಿಗೆ ಕಲಿಸುವುದಾದರೆ ನಾನು ಮೊದಲು ತೆರೆಯುವುದು ಇದನ್ನೇ. ಹತ್ತು ನಿಮಿಷದಲ್ಲಿ ಕೆರೆಗಳ ಚಿತ್ರ ನಿಂತಿತು.

ಇದರ ನಿಜವಾದ ಶಕ್ತಿ ಗೆರೆಯಲ್ಲಿಲ್ಲ, ಜೊತೆಗೂಡಿ ಕೆಲಸ ಮಾಡುವುದರಲ್ಲಿದೆ. ನಾಲ್ಕು ಜನ ಪ್ರಾಜೆಕ್ಟ್ ವಿದ್ಯಾರ್ಥಿಗಳು, ಒಬ್ಬ ಹಾಸನದಲ್ಲಿ, ಒಬ್ಬಳು ಹುಬ್ಬಳ್ಳಿಯಲ್ಲಿ, ಒಂದೇ ಸ್ಲೈಡನ್ನು ಏಕಕಾಲಕ್ಕೆ ತಿದ್ದಬಹುದು. 'ಅಂತಿಮ', 'ಅಂತಿಮ 2', 'ನಿಜವಾದ ಅಂತಿಮ' ಎಂಬ ಕಡತಗಳ ಸಂತೆ ಇರುವುದಿಲ್ಲ. ಹಳೆಯ ರೂಪಕ್ಕೆ ಹಿಂದಿರುಗಬೇಕೆಂದರೆ ಆವೃತ್ತಿಗಳ ಇತಿಹಾಸವೂ ಇದೆ.

ಕೊರತೆ ಎಲ್ಲಿ? ಆಕಾರಗಳನ್ನು ಬೆಸೆಯುವ ಸೌಲಭ್ಯವಿಲ್ಲ. ತುಂಡುಗೆರೆಗಳು ಕೊಟ್ಟಷ್ಟೇ, ನಿಮ್ಮದೇ ಒಂದನ್ನು ಮಾಡಿಕೊಳ್ಳುವಂತಿಲ್ಲ. ಪೇಂಟ್ ಫಾರ್ಮ್ಯಾಟ್ ಇದೆ, ಕಂಟ್ರೋಲ್, ಆಲ್ಟ್, ಸಿ ಒತ್ತಿ ಲಕ್ಷಣ ನಕಲು ಮಾಡಿ, ಅದೇ ಜೊತೆಗೆ ವಿ ಒತ್ತಿ ಅಂಟಿಸಬಹುದು. ನಾನು ಕಂಡುಕೊಂಡ ಉಪಾಯವೆಂದರೆ ಮೊದಲ ಸ್ಲೈಡನ್ನು ಮಾದರಿಗಳಿಗೆ ಮೀಸಲಿಡುವುದು. ಅದರಲ್ಲಿ ಒಂದು ಕೆರೆಯ ಚೌಕ, ಒಂದು ಕಾಲುವೆಯ ಬಾಣ, ಒಂದು ಚರಂಡಿಯ ಬಾಣ. ಬೇಕಾದಾಗ ಅಲ್ಲಿಂದ ನಕಲು ಮಾಡುವುದು, ಕೊನೆಗೆ ಆ ಸ್ಲೈಡನ್ನು ಸ್ಕಿಪ್ ಮಾಡಿಡುವುದು. ಮದುವೆ ಮನೆಯ ಅಡುಗೆಯವರು ಉಪ್ಪು ಖಾರ ನೋಡಲು ಒಂದು ಬಟ್ಟಲು ತೆಗೆದಿಡುವಂತೆ.

ಉಚಿತ. ಗೂಗಲ್ ಖಾತೆಯ 15 ಜಿಬಿ ಜಾಗವನ್ನೇ ಇದು ಹಂಚಿಕೊಳ್ಳುತ್ತದೆ. ಇಂಟರ್ನೆಟ್ ಇಲ್ಲದೆಯೂ ತಿದ್ದಬಹುದು, ಆದರೆ ಕ್ರೋಮ್ ಅಥವಾ ಎಡ್ಜ್‌ನಲ್ಲಿ ಆಫ್‌ಲೈನ್ ವ್ಯವಸ್ಥೆಯನ್ನು ಮೊದಲೇ ಮಾಡಿಟ್ಟಿರಬೇಕು. ಕರೆಂಟು ಹೋದ ಮೇಲೆ ಹುಡುಕಿದರೆ ಪ್ರಯೋಜನವಿಲ್ಲ.

ಇಂಪ್ರೆಸ್

ಇದನ್ನು ಬಡವರ ಪವರ್‌ಪಾಯಿಂಟ್ ಎಂದು ಹೀಗಳೆಯುವವರಿದ್ದಾರೆ. ಗೆರೆಯ ಮಟ್ಟಿಗೆ ಆ ಮಾತನ್ನು ನಾನು ಒಪ್ಪುವುದಿಲ್ಲ. ನಾಲ್ಕರಲ್ಲಿ ಗೆರೆಯನ್ನು ಅತ್ಯಂತ ಗಂಭೀರವಾಗಿ ತೆಗೆದುಕೊಂಡಿರುವುದು ಇದೇ.

ಎಫ್11 ಒತ್ತಿದರೆ ಸ್ಟೈಲ್‌ಗಳ ಪಟ್ಟಿ ಬರುತ್ತದೆ. ಅದರಲ್ಲಿ ಚಿತ್ರಗಳಿಗೆ ಬೇರೆಯೇ ಸ್ಟೈಲ್‌ಗಳಿವೆ. 'ಕಾಲುವೆ' ಎಂದು ಒಂದು ಮಾಡಿದೆ: ನೀಲಿ, 0.07 ಸೆಂ.ಮೀ., ತುದಿಯಲ್ಲಿ ತಲೆ. 'ಚರಂಡಿ' ಎಂದು ಇನ್ನೊಂದು: ಕಂದು, ತುಂಡುಗೆರೆ. ಬಾಣಗಳಿಗೆ ಆ ಹೆಸರುಗಳನ್ನು ಹಚ್ಚಿದೆ. ನಂತರ ಕಾಲುವೆಯ ದಪ್ಪ 0.1 ಆಗಲಿ ಎನಿಸಿತು. ಸ್ಟೈಲಿನಲ್ಲಿ ಒಂದು ಅಂಕಿ ಬದಲಿಸಿದೆ, ಐದೂ ಬಾಣಗಳು ಒಟ್ಟಿಗೆ ದಪ್ಪವಾದವು. ಪವರ್‌ಪಾಯಿಂಟ್ ಇದನ್ನು ಇಷ್ಟು ನೇರವಾಗಿ ಕೊಡುವುದಿಲ್ಲ. ನಲವತ್ತು ಸ್ಲೈಡಿನ ಪಾಠದ ಸರಣಿ ಮಾಡುವ ಉಪನ್ಯಾಸಕರಿಗೆ ಇದೊಂದೇ ಕಾರಣ ಸಾಕು.

ಇನ್ನೂ ಇದೆ. ತುಂಡುಗಳ ಉದ್ದ, ನಡುವಿನ ಅಂತರ ನೀವೇ ಕೊಟ್ಟು ಹೊಸ ತುಂಡುಗೆರೆ ಮಾಡಿ ಹೆಸರಿಟ್ಟು ಉಳಿಸಬಹುದು. ನೀವು ಬರೆದ ಆಕಾರವನ್ನೇ ಬಾಣದ ತಲೆಯಾಗಿಸಬಹುದು. ತಲೆಯ ಅಗಲ ಬೇರೆ ಅಂಕಿಯಾದ್ದರಿಂದ ಸಣ್ಣ ಗೆರೆಗೂ ದೊಡ್ಡ ತಲೆ ಇಡಬಹುದು. ಚೌಕದ ಮೇಲೆ ಬಾಣ ಅಂಟುವ ಚುಕ್ಕಿಗಳು ಸಾಲದಿದ್ದರೆ ನಿಮಗೆ ಬೇಕಾದ ಜಾಗದಲ್ಲಿ ಹೊಸ ಚುಕ್ಕಿ ಸೇರಿಸಬಹುದು. ಬೆಳ್ಳಂದೂರಿನ ಚೌಕಕ್ಕೆ ಎಡಗಡೆಯಿಂದಲೇ ಎರಡು ಬಾಣ ಬರಬೇಕಿತ್ತು. ಬೇರೆಡೆ ಎರಡೂ ಒಂದೇ ಚುಕ್ಕಿಯಲ್ಲಿ ನುಗ್ಗಾಡಿದವು, ಇಲ್ಲಿ ಎರಡಕ್ಕೂ ಬೇರೆ ಬೇರೆ ಬಾಗಿಲು.

ಆದರೆ ಎರಡು ಹಳ್ಳಗಳಿವೆ, ನೋಡಿಕೊಂಡು ದಾಟಿ. ಇಂಪ್ರೆಸ್ಸಿನಲ್ಲಿ ಗೆರೆ ಬೇರೆ, ಕನೆಕ್ಟರ್ ಬೇರೆ. ಲೈನ್ಸ್ ಆ್ಯಂಡ್ ಆ್ಯರೋಸ್‌ನಿಂದ ಎಳೆದ ಬಾಣ ಎಷ್ಟು ಹತ್ತಿರ ಎಳೆದರೂ ಅಂಟುವುದಿಲ್ಲ. ಕನೆಕ್ಟರ್ಸ್ ಎಂಬ ಪ್ರತ್ಯೇಕ ಪಟ್ಟಿಯಿಂದಲೇ ತೆಗೆದುಕೊಳ್ಳಬೇಕು. ಎರಡನೆಯದು, ದಪ್ಪ 0.00 ಎಂದಿರುವ ಗೆರೆ. ಅದು ಗೆರೆ ಇಲ್ಲ ಎಂದಲ್ಲ, ಸಾಧನ ಮೂಡಿಸಬಲ್ಲ ಅತಿ ಸಣ್ಣ ಎಳೆ ಎಂದು. ಮಾನಿಟರಿನಲ್ಲಿ ಕಾಣುತ್ತದೆ, ಲೇಸರ್ ಪ್ರಿಂಟರಿನಲ್ಲಿ ತೆಗೆದು ಜೆರಾಕ್ಸ್ ಮಾಡಿದರೆ ಅಲ್ಲಲ್ಲಿ ಹಾರಿಹೋಗುತ್ತದೆ.

ಎಲ್ಲಕ್ಕಿಂತ ದೊಡ್ಡ ತೊಡಕು ಕಡತ ಕೊಡುಕೊಳ್ಳುವುದರಲ್ಲಿದೆ. ಇದರ ಸ್ವಂತ ಒಡಿಪಿ ರೂಪದಲ್ಲಿ ಎಲ್ಲವೂ ಚೆಂದ. ಸಭೆಯಲ್ಲಿ ಪವರ್‌ಪಾಯಿಂಟ್ ಇದೆ ಎಂದು ಪಿಪಿಟಿಎಕ್ಸ್ ಆಗಿ ಉಳಿಸಿದರೆ, ನೀವು ಹೆಸರಿಟ್ಟ ಸ್ಟೈಲ್‌ಗಳು ಕರಗಿಹೋಗುತ್ತವೆ, ರೂಪ ಮಾತ್ರ ಉಳಿಯುತ್ತದೆ. ಬಾಗುವ ಕನೆಕ್ಟರುಗಳು ಕೆಲವೊಮ್ಮೆ ಬೇರೆ ದಾರಿ ಹಿಡಿಯುತ್ತವೆ. ನೇರ ಬಾಣಗಳಿಗೆ ಈ ಕಾಟ ಕಡಿಮೆ. ಆದ್ದರಿಂದ ಇಂಪ್ರೆಸ್ ನಿಮ್ಮದೇ ಲ್ಯಾಪ್‌ಟಾಪಿನಿಂದ ತೋರಿಸುವವರಿಗೆ ಹೇಳಿಮಾಡಿಸಿದ್ದು, ಇಲ್ಲವೇ ಪಿಡಿಎಫ್ ಆಗಿ ಕೊಡುವವರಿಗೆ. ಬೆಲೆಯಿಲ್ಲ, ಚಂದಾ ಇಲ್ಲ, ಖಾತೆ ತೆರೆಯಬೇಕಿಲ್ಲ, ಇಂಟರ್ನೆಟ್ ಬೇಕಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ.

ಕ್ಯಾನ್ವಾ, ಮತ್ತು ಆಪಲ್ ಇದ್ದವರಿಗೆ ಕೀನೋಟ್

ಕ್ಯಾನ್ವಾ ಅಂದಕ್ಕೆ. ಎಲ್ ಒತ್ತಿದರೆ ಗೆರೆ, ಆರ್ ಒತ್ತಿದರೆ ಆಯತ, ಸಿ ಒತ್ತಿದರೆ ವೃತ್ತ. ಬಣ್ಣ ಜೋಡಣೆ ಗೊತ್ತಿಲ್ಲದವರ ಕೈಯಲ್ಲೂ ಏನೋ ಒಂದು ಚೆನ್ನಾಗಿಯೇ ಮೂಡುತ್ತದೆ. ಆಹ್ವಾನ ಪತ್ರಿಕೆ, ಪೋಸ್ಟರ್, ಶಾಲಾ ವಾರ್ಷಿಕೋತ್ಸವದ ಸ್ಲೈಡ್‌ಗಳಿಗೆ ನಾನೂ ಬಳಸುತ್ತೇನೆ. ಅರ್ಹ ಶಾಲಾ ಶಿಕ್ಷಕರಿಗೆ ಇದರ ಶಿಕ್ಷಣ ಆವೃತ್ತಿ ಉಚಿತ, ಉಳಿದವರಿಗೆ ಉಚಿತ ಮತ್ತು ಚಂದಾ ಎರಡೂ ಇವೆ. ಆದರೆ ಹತ್ತಾರು ಚೌಕ, ಹತ್ತಾರು ಬಾಣ ಇರುವ ಚಿತ್ರವನ್ನು ಇದರಲ್ಲಿ ಮಾಡಿ, ಪಿಪಿಟಿಎಕ್ಸ್ ಆಗಿ ಇಳಿಸಿ, ಪವರ್‌ಪಾಯಿಂಟಿನಲ್ಲಿ ತಿದ್ದುತ್ತೇನೆ ಎಂಬ ಯೋಜನೆ ಬೇಡ. ಫಾಂಟು ಬದಲಾಗುತ್ತದೆ, ಬಾಣ ಚೌಕಕ್ಕೆ ಅಂಟಿಕೊಂಡ ನಂಟು ಉಳಿಯುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ. ಕ್ಯಾನ್ವಾದಲ್ಲಿ ಹುಟ್ಟಿದ್ದು ಕ್ಯಾನ್ವಾದಲ್ಲೇ ಮುಗಿಯಲಿ, ಪಿಡಿಎಫ್ ಆಗಿ ಹೊರಬರಲಿ.

ಮ್ಯಾಕ್ ಅಥವಾ ಐಪ್ಯಾಡ್ ಇದ್ದವರ ಬಳಿ ಕೀನೋಟ್ ಇದ್ದೇ ಇರುತ್ತದೆ. ಎರಡು ಆಕಾರಗಳನ್ನು ಆಯ್ದು ಕನೆಕ್ಷನ್ ಲೈನ್ ಸೇರಿಸಿದರೆ ಅದು ಅವುಗಳ ಬೆನ್ನು ಬಿಡುವುದಿಲ್ಲ. ಆಕಾರಗಳನ್ನು ಬೆಸೆಯುವ, ಕಳೆಯುವ ಸೌಲಭ್ಯಗಳೂ ಇವೆ. ತೋರಿಸುವ ಜಾಗದಲ್ಲೂ ಮ್ಯಾಕ್ ಇರುವುದಾದರೆ ಕಣ್ಣು ಮುಚ್ಚಿ ಬಳಸಿ. ನಮ್ಮ ಕಚೇರಿಗಳ, ಕಾಲೇಜುಗಳ ಸಭಾಂಗಣದಲ್ಲಿ ಅಂಥ ಭಾಗ್ಯ ಅಪರೂಪ.

ಚೌಕದೊಳಗಿನ ಕನ್ನಡ

ಹೊರದೇಶದವರು ಬರೆದ ಮಾರ್ಗದರ್ಶಿಗಳಲ್ಲಿ ಇದು ಸಿಗುವುದಿಲ್ಲ, ನಮಗೆ ಮಾತ್ರ ಗೊತ್ತಿರುವ ತಲೆನೋವು. 'ದಕ್ಷಿಣ ಪಿನಾಕಿನಿ' ಎಂಬುದನ್ನು ಚೌಕದಲ್ಲಿ ಎರಡು ಸಾಲಾಗಿ ಬರೆದೆ. ಸಾಲುಗಳ ಅಂತರವನ್ನು ಇಂಗ್ಲಿಷಿಗೆ ಮಾಡುವಂತೆ 0.8ಕ್ಕೆ ಇಳಿಸಿದಾಗ, ಮೇಲಿನ ಸಾಲಿನ 'ಕ್ಷಿ'ಯ ಬಾಲ ಕೆಳಗಿನ ಸಾಲಿನ ಗುಡಿಸಿನ ತಲೆಗೆ ತಾಗಿತು. ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ಇಬ್ಬರಿಗೂ ಜಾಗ ಬೇಕು. ಕನ್ನಡಕ್ಕೆ ಸಾಲಿನ ಅಂತರ 1ಕ್ಕಿಂತ ಕಡಿಮೆ ಮಾಡಬೇಡಿ. ಪವರ್‌ಪಾಯಿಂಟಿನ ಚೌಕದಲ್ಲಿ ಮೇಲೆ ಕೆಳಗೆ ಬಿಡುವ ಖಾಲಿ ಜಾಗ 0.05 ಇಂಚು ಮಾತ್ರ. 'ಬೆಳ್ಳಂದೂರು' ಎಂಬಲ್ಲಿ ಒತ್ತು ಅಂಚುಗೆರೆಗೆ ತೀರ ಹತ್ತಿರ ಬಂದರೆ ಫಾರ್ಮ್ಯಾಟ್ ಶೇಪಿನ ಟೆಕ್ಸ್ಟ್ ಬಾಕ್ಸ್ ಭಾಗದಲ್ಲಿ ಅದನ್ನು 0.1 ಮಾಡಿ. ಅಕ್ಷರ ತಾನಾಗಿ ಕುಗ್ಗುವ ಆಯ್ಕೆಯನ್ನು ಆರಿಸಿಡಬೇಡಿ. ಏಳು ಚೌಕದಲ್ಲಿ ಏಳು ಗಾತ್ರದ ಅಕ್ಷರ ಬರುತ್ತದೆ.

ಫಾಂಟಿನ ವಿಷಯಕ್ಕೆ ಬಂದರೆ, ವಿಂಡೋಸಿನಲ್ಲಿ ನಿರ್ಮಲಾ ಯುಐ, ಮ್ಯಾಕ್‌ನಲ್ಲಿ ಕನ್ನಡ ಎಂಎನ್ ಮತ್ತು ಕನ್ನಡ ಸಂಗಮ್ ಎಂಎನ್ ಇರುತ್ತವೆ. ಗೂಗಲ್ ಸ್ಲೈಡ್ಸ್‌ನಲ್ಲಿ ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ, ಹುಬ್ಬಳ್ಳಿ, ಬೆಣ್ಣೆ ಎಂದೆಲ್ಲ ಚೆಂದದ ಸಾಲೇ ಇದೆ. ಅವುಗಳನ್ನು ಬಳಸಿ ಪಿಪಿಟಿಎಕ್ಸ್ ಇಳಿಸಿ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬೇರೆ ಫಾಂಟ್ ಬಂದು ಕೂರಬಹುದು, ಒಂದೇ ಸಾಲಿನಲ್ಲಿದ್ದ ಹೆಸರು ಎರಡು ಸಾಲಾಗಿ ಚೌಕದಿಂದ ಹೊರಗೆ ಇಣುಕಬಹುದು. ಪವರ್‌ಪಾಯಿಂಟಿನ ಆಪ್ಷನ್ಸ್, ಸೇವ್ ವಿಭಾಗದಲ್ಲಿ ಫಾಂಟನ್ನು ಕಡತದೊಳಗೇ ಸೇರಿಸುವ ಆಯ್ಕೆ ಇದೆ; ಆರಿಸಿಡಿ.

ಹಳೆಯ ನುಡಿ ಫಾಂಟುಗಳಲ್ಲಿ ಟೈಪು ಮಾಡಿದ ಪಠ್ಯವಿದ್ದರೆ ವಿಷಯವೇ ಬೇರೆ. ಅದು ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಯುನಿಕೋಡ್ ಸಂಕೇತವಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದು. ಫಾಂಟ್ ಇಲ್ಲದ ಕಡೆ ಚೌಕದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಗೂಗಲ್ ಸ್ಲೈಡ್ಸ್‌ಗೆ ನಿಮ್ಮ ಫಾಂಟನ್ನು ಹಾಕಲು ಬರುವುದಿಲ್ಲವಾದ್ದರಿಂದ ಅಲ್ಲಿ ಅಂಥ ಪಠ್ಯಕ್ಕೆ ಜಾಗವೇ ಇಲ್ಲ. ಮೊದಲು ಯುನಿಕೋಡಿಗೆ ಪರಿವರ್ತಿಸಿ, ಆಮೇಲೆ ತಂತ್ರಾಂಶದ ಆಯ್ಕೆ. ಸರ್ಕಾರಿ ಕಚೇರಿಗಳಿಂದ ಬರುವ ಹಳೆಯ ಕಡತಗಳಲ್ಲಿ ಇಂದಿಗೂ ನಾನು ಮೊದಲು ನೋಡುವುದು ಇದನ್ನೇ.

ಯಾರಿಗೆ ಯಾವುದು

ಕಚೇರಿಯ ಪ್ರಗತಿ ಪರಿಶೀಲನಾ ಸಭೆಗೆ ಸ್ಲೈಡ್ ಮಾಡುವವರು, ಕಡತ ಮೂರು ಮೇಜು ದಾಟಿ, ಮೂವರೂ ತಿದ್ದಿ ಬರುವುದಾದರೆ, ಪವರ್‌ಪಾಯಿಂಟಿಗೆ ದುಡ್ಡು ಕೊಡಿ. ಅದರ ಗೆರೆ ಅಷ್ಟೊಂದು ಶ್ರೇಷ್ಠ ಎಂದಲ್ಲ. ಮುಂದಿನ ಮೇಜಿನಲ್ಲೂ ಅದೇ ಇರುವುದರಿಂದ.

ಗುಂಪಿನ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳಿಗೆ ಗೂಗಲ್ ಸ್ಲೈಡ್ಸ್. ಚಿತ್ರದಲ್ಲಿ ಮೂವತ್ತಕ್ಕಿಂತ ಹೆಚ್ಚು ಬಾಣಗಳಿದ್ದರೆ ಅದೊಂದು ಸ್ಲೈಡನ್ನು ಬೇರೆಡೆ ಮಾಡಿ ಚಿತ್ರವಾಗಿ ತಂದು ಹಾಕಿ. ಒಬ್ಬರೇ ಕುಳಿತು ಪಿಎಚ್‌ಡಿ ಮೌಖಿಕ ಪರೀಕ್ಷೆಗೆ ತಯಾರಾಗುತ್ತಿದ್ದೀರಿ, ಕೈಯಲ್ಲಿ ಹಳೆಯ ಲ್ಯಾಪ್‌ಟಾಪ್, ಹಾಸ್ಟೆಲಿನಲ್ಲಿ ಇಂಟರ್ನೆಟ್ ಇದ್ದರುಂಟು ಇಲ್ಲದಿದ್ದರಿಲ್ಲ ಎಂದಾದರೆ ಇಂಪ್ರೆಸ್. ಒಂದು ಸಂಜೆ ಸ್ಟೈಲ್‌ಗಳನ್ನು ಕಲಿಯಲು ಕೊಡಿ. ತೋರಿಸುವ ಹಿಂದಿನ ದಿನ ಪಿಡಿಎಫ್ ಒಂದನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಟ್ಟುಕೊಳ್ಳಿ.

ಶಾಲಾ ಶಿಕ್ಷಕರಿಗೆ ಪಾಠದ ಚಿತ್ರಕ್ಕೆ ಗೂಗಲ್ ಸ್ಲೈಡ್ಸ್, ಗೋಡೆಯ ಪೋಸ್ಟರಿಗೆ ಕ್ಯಾನ್ವಾ. ಎರಡನ್ನೂ ಒಂದರಲ್ಲೇ ಮಾಡಬೇಕೆಂಬ ಹಟ ಬೇಡ.

ಕಾಗದದಲ್ಲಿ ಹಂಚುವುದಿದ್ದರೆ, ಯಾವ ತಂತ್ರಾಂಶವಾದರೂ ಸರಿ, ಗೆರೆಗಳ ಭೇದವನ್ನು ಬಣ್ಣವೊಂದಕ್ಕೇ ಬಿಡಬೇಡಿ. ಕಪ್ಪುಬಿಳುಪು ಜೆರಾಕ್ಸಿನಲ್ಲಿ ನಮ್ಮ ನೀಲಿ ಕಾಲುವೆ ಮತ್ತು ಕಂದು ಚರಂಡಿ ಎರಡೂ ಒಂದೇ ಬೂದಿ. ತುಂಡುಗೆರೆ ಇದ್ದದ್ದರಿಂದ ಗುರುತು ಸಿಕ್ಕಿತು. ಬೇಕಿದ್ದರೆ ಕಪ್ಪುಬಿಳುಪಿನ ಒಂದು ಪ್ರತಿ ತೆಗೆದು ಕೈಯಲ್ಲಿ ಹಿಡಿದು, ಎರಡು ಮಾರು ದೂರದಿಂದ ನೋಡಿ.

ಈಗ ನಾನು ಏನು ಮಾಡುತ್ತೇನೆಂದು ಕೇಳಿದರೆ: ದೊಡ್ಡ ಸರಣಿಗಳನ್ನು ಇಂಪ್ರೆಸ್ಸಿನಲ್ಲಿ, ಗಿರಾಕಿ ತಿದ್ದುತ್ತೇನೆ ಎಂದಿದ್ದನ್ನು ಪವರ್‌ಪಾಯಿಂಟಿನಲ್ಲಿ. ಕಡತ ಕೊಡುವ ಮೊದಲು ಪ್ರತಿ ಚೌಕವನ್ನೂ ಒಮ್ಮೆ ಹಿಡಿದು ಅಲುಗಿಸಿ, ಬಾಣ ಜೊತೆಗೆ ಬಂತೇ ನೋಡಿ, ಕಂಟ್ರೋಲ್ ಝಡ್ ಒತ್ತಿ ಮೊದಲಿದ್ದಲ್ಲಿಗೆ ತರುತ್ತೇನೆ. ಏಳು ಚೌಕಕ್ಕೆ ಅರ್ಧ ನಿಮಿಷ ಹಿಡಿಯುತ್ತದೆ. ಆ ಸಂಶೋಧನಾ ವಿದ್ಯಾರ್ಥಿ ಮೊನ್ನೆ ಇನ್ನೊಂದು ಕೆಲಸಕ್ಕೆ ಬಂದಿದ್ದರು, ಪಕ್ಕದಲ್ಲೇ ನಿಂತು, ವರ್ತೂರನ್ನು ಎರಡು ಸಲ ಅಲುಗಿಸಿ ಎಂದರು.